ಸೋದರಮಾವನ ಹೂಂ

ಮೇ ತಿಂಗಳ ಮುಂಜಾನೆ. ಲಂಡನ್ನಿನ ಸೌತ್‌ಹಾಲ್‌ನ ಮನೆಯ ಹಿತ್ತಲಲ್ಲಿ ರತ್ನಾಬಾಯಿ ಮೆಂತ್ಯದ ಮಡಿಯಲ್ಲಿ ಕಳೆ ಕೀಳುತ್ತಿದ್ದಳು. ಒಳಗೆ ಗಂಡ ನಿಜಲಿಂಗಪ್ಪ ಮನೆಫೋನಿನ ಮುಂದೆ ಹಳೆಯ ಡೈರಿ ತೆರೆದು ಕೂತಿದ್ದ. ಊರಿಗೆ ಅಗ್ಗದಲ್ಲಿ ಮಾತಾಡಲು ನಂಬರಿಗಿಂತ ಮೊದಲು ಒತ್ತಬೇಕಾದ ಕೋಡ್‌ಗಳನ್ನು, ಅಂಗಡಿ ಗಾಜಿನ ಚೀಟಿಗಳಿಂದ, ಪುಕ್ಕಟೆ ಪೇಪರಿನ ಕೊನೆಯ ಪುಟಗಳಿಂದ ಹುಡುಕಿ, ಇಪ್ಪತ್ತು ವರ್ಷ ಅದರಲ್ಲಿ ಬರೆದಿಟ್ಟಿದ್ದ.

ವಿಜಯಪುರದ ಹತ್ತಿರದ ಊರಲ್ಲಿ ಇವತ್ತು ತಂಗಿ ಬಂಗಾರೆವ್ವನ ಮಗಳು ಅಂಕಿತಾಳ ನಿಶ್ಚಯ. ಸೋದರಮಾವ ಹೂಂ ಅನ್ನದೆ ಎಲೆ ಅಡಿಕೆ ಬದಲಾಗುವಂತಿಲ್ಲ. ಅಲ್ಲಿಯ ಹನ್ನೆರಡರೊಳಗೆ, ಅಂದರೆ ಇಲ್ಲಿಯ ಏಳೂವರೆಯೊಳಗೆ, ಅವನು ಫೋನ್ ಮಾಡಬೇಕಿತ್ತು. ಏಳು ಆಗಲೇ ದಾಟಿತ್ತು.

ಮೊದಲ ಕೋಡ್ ಒತ್ತಿದ. ಕೊಂಯ್ ಎಂದಿತು. ಎರಡನೆಯದೂ ಹಾಗೆಯೇ.

ರತ್ನಾಬಾಯಿ ಮಣ್ಣುಗೈ ಒರೆಸಿಕೊಳ್ಳುತ್ತ ಬಂದಳು. "ಹೋದ ವಾರ ಫೋನಿಗೆ ಹೊಸಾ ಡಬ್ಬಿ ಹಚ್ಚಿದಾವ ಹೇಳಿ ಹೋಗ್ಯಾನಲ್ರೀ, ಈ ಕೋಡ್ ಇನ್ನ ನಡ್ಯಂಗಿಲ್ಲ ಅಂತ. ನನ್ನ ಮೊಬೈಲ್ ತಗೋರಿ, ವಾಟ್ಸಾಪ್ ಹಚ್ಚಿಕೊಡ್ತೀನಿ."

"ಅವಂಗೇನ್ ಗೊತ್ತದ? ಅವ ಹುಟ್ಟೂ ಮೊದ್ಲ ನಾ ಕೋಡ್ ಒತ್ತೀನಿ. ವಾಟ್ಸಾಪ್ ಅಂದ್ರ ಬರೇ ಮಾರಿ ತೋರ್ಸೋರ ಆಟ."

"ನಿಮ್ಮ ಮಾರಿ ಯಾರ್ ನೋಡ್ತಾರ ಬಿಡ್ರಿ. ಮಾತರೆ ಮುಟ್ಲಿ."

ಅವನು ಹಾಳೆ ತಿರುವಿದ. ಎಂದೋ ಬಾಗಿಲು ಮುಚ್ಚಿದ ಕಂಪನಿಗಳ ಕೋಡ್‌ಗಳನ್ನೂ ಬಿಡದೆ, ಒಂದೊಂದಾಗಿ, ಬೆರಳಿಟ್ಟು ಓದಿಕೊಂಡು ಒತ್ತುತ್ತ ಹೋದ.

ಏಳೂ ಮುಕ್ಕಾಲಿಗೆ ರತ್ನಾಬಾಯಿಯ ಮೊಬೈಲ್ ಬಡಿಯಿತು. ಬಂಗಾರೆವ್ವ. ರತ್ನಾಬಾಯಿ ಅದನ್ನು ಗಂಡನ ಕಿವಿಗೆ ಹಿಡಿದಳು.

"ಯಣ್ಣಾ, ನಿನ್ನ ಮನಿ ಫೋನಿಗೆ ಒಂಬತ್ತ ಸಲ ಹಚ್ಚಿದ್ವಿ. ಬರೇ ಎಂಗೇಜ್! ಮಾವಗ ಲಂಡನ್‌ದಾಗ ನಮಗಿಂತ ದೊಡ್ಡ ಬೀಗರು ಸಿಕ್ಕಾರೇನು ಅಂತ ಗಂಡಿನವ್ರು ನಗಾಕ ಹತ್ತಿದ್ರು. ವೈನಿ ನಂಬರ್ ಹುಡುಕೂದ್ರಾಗ ಹೊತ್ತಾತು. ದಾನಪ್ಪ ಕಾಕಾನ್ನ ನಿನ್ನ ಜಾಗಾದಾಗ ಕುಂದ್ರಿಸಿ ಹೂಂ ಅನಸಿದ್ವಿ."

"ತಡಿಯವ್ವಾ, ನಾನೂ ಹೂಂ ಅಂತೀನಿ..."

"ಈಗ ಯಾರಿಗಿ ಬೇಕದು? ಎಲಿ ಅಡಿಕಿ ಬದಲಾದ್ವು. ಮಂದಿ ಉಣ್ಣಾಕ ಕುಂತಾರ, ಇಡ್ತೀನಿ."

ಆ ಹುಡುಗಿ ಹುಟ್ಟಿದಾಗಿನಿಂದ ಅವನ ತಲೆಯ ಮೇಲಿದ್ದುದು ಇದೊಂದೇ ಋಣ. ಅದನ್ನು ದಾನಪ್ಪ ತೀರಿಸಿಬಿಟ್ಟಿದ್ದ. ಇವನ ಪಾಲಿಗೆ ಅದು ಇನ್ನು ತೀರುವಂತಿರಲಿಲ್ಲ.

ರತ್ನಾಬಾಯಿ ಮೊಬೈಲ್ ಸೆರಗಿಗೆ ಒರೆಸಿ ಹೊರಗೆ ಹೊರಟಳು. ಬಾಗಿಲಲ್ಲಿ ನಿಂತು ಹೇಳಿದಳು:

"ಇನ್ನೂ ಎಷ್ಟ್ ಕೋಡ್ ಉಳದಾವು? ಒತ್ರಿ, ಈಗ ಪುರುಸೊತ್ತದ."