ಗೋಮತಕ್ಕನಿಗೆ ಮಾತ್ರ ಬೀಗ

ಸಾಲಿಗ್ರಾಮದ ಆ ವಧೂವರ ಕೇಂದ್ರದ ಕಂಪ್ಯೂಟರನ್ನು ನಾನೇ ನೋಡಿಕೊಳ್ಳುತ್ತಿದ್ದೆ. ಈಗ ಅದರ ಬೋರ್ಡು ಕಂಡರೂ ವಾಕರಿಕೆ ಬರುತ್ತದೆ.

ಅಲ್ಲಿ ಹುಡುಗ ಹುಡುಗಿಯರ ವಿವರವೆಲ್ಲ ಒಂದು ಹಳೇ ಡೇಟಾಬೇಸಿನಲ್ಲಿತ್ತು. ಆರು ಜನ ಸಮಿತಿಯವರಿಗೂ ಗುಮಾಸ್ತೆ ಗೋಮತಕ್ಕನಿಗೂ ಒಂದೇ ಪಾಸ್‌ವರ್ಡ್. ಜಾತಕ, ಓದು, ಸಂಬಳದ ಪಕ್ಕದಲ್ಲಿ ‘ಷರಾ’ ಅಂತ ಒಂದು ಅಂಕಣ. ಹೆತ್ತವರು ನಂಬಿ ಹೇಳಿಕೊಂಡ ಕಾಯಿಲೆ, ಮುರಿದ ನಿಶ್ಚಿತಾರ್ಥ, ಎಲ್ಲ ಅದರಲ್ಲಿ. ಉಪ್ಪುಂದದ ಒಂದು ಹುಡುಗಿಗೆ ಚಿಕ್ಕಂದಿನಲ್ಲಿ ಫಿಟ್ಸ್ ಬರುತ್ತಿದ್ದ ಸಂಗತಿ ಷರಾದಿಂದ ಹೊರಬಿದ್ದು ಊರೆಲ್ಲ ಸುತ್ತಿತು. ಕುದುರಿದ್ದ ಸಂಬಂಧ ತಪ್ಪಿಹೋಯಿತು. ಹುಡುಗಿಯ ತಂದೆ ಬಂದು ಕೂಗಾಡಿದಾಗ ಆರೂ ಜನ ಒಟ್ಟಿಗೆ ನೋಡಿದ್ದು ಗೋಮತಕ್ಕನ ಮುಖವನ್ನು. ಗಂಡ ತೀರಿಹೋದ ಮೇಲೆ ಅವರಿಗೆ ಇದ್ದದ್ದು ಈ ಕೆಲಸ ಒಂದೇ.

ಅಧ್ಯಕ್ಷ ಶಾಮರಾಯರು ನನ್ನನ್ನು ಕರೆಸಿದರು.

“ಹ್ವಾಯ್ ರವಿರಾಜ, ಒಬ್ಬೊಬ್ರಿಗೆ ಒಂದೊಂದ್ ಪಾಸ್‌ವರ್ಡ್ ಮಾಡ್. ಷರಾ ಗೋಮತಿಗೆ ಕಾಂಬುಕಾಗ. ಅದ್ಕೊಂದ್ ಬೀಗ ಹಾಕ್ರೆ ಸಾಕ್.”

“ಷರಾ ನೀವೊಬ್ರ್ ಕಂಡ್ರೆ ಸಾಕಲ್ದಾ ರಾಯ್ರೇ? ಉಳ್ದ್ ಐದ್ ಜನಕ್ಕೆ ಎಂತಕ್ಕೆ?” ಎಂದೆ.

ಕಾರ್ಯದರ್ಶಿ ಹೃಷಿಕೇಶರು ಮುಖ ಸಿಂಡರಿಸಿದರು. “ನಾನ್ ಕಾರ್ಯದರ್ಶಿ. ನನ್ನ ಬರೀ ಯೂಸರ್ ಅಂತ ಸೇರ್ಸ್ರೆ ಮರ್ಯಾದಿ ಉಳಿತ್ತಾ?”

ಅಷ್ಟೇ ಬೇಕಿತ್ತು. ಮದುವೆಮನೆಯಲ್ಲಿ ಮೊದಲ ಪಂಕ್ತಿಗೆ ನುಗ್ಗುವವರ ಹಾಗೆ ಒಬ್ಬರ ಹಿಂದೆ ಒಬ್ಬರು ನನ್ನನ್ನೂ ಅಡ್ಮಿನ್ ಮಾಡು ಎಂದು ಹಟ ಹಿಡಿದರು. ಅಡ್ಮಿನ್ ಎಂದರೆ ಎಲ್ಲವನ್ನೂ ನೋಡುವ, ತಿದ್ದುವ ಅಧಿಕಾರ. ಒಬ್ಬರು, ಹೆಚ್ಚೆಂದರೆ ಇಬ್ಬರು ಸಾಕು ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತು. ಕೊನೆಗೆ ಷರಾವನ್ನು ಡೇಟಾಬೇಸಿನೊಳಗೇ ಅಡ್ಮಿನ್‌ಗಳಿಗಷ್ಟೇ ತೆರೆಯುವ ಬೇರೆ ಟೇಬಲ್ಲಿಗೆ ತೆಗೆದಿಟ್ಟು, ಆರು ಅಡ್ಮಿನ್, ಒಬ್ಬರೇ ಒಬ್ಬರು ಯೂಸರ್ ಎಂದು ಮಾಡಿಕೊಟ್ಟು ಬಂದೆ. ಮಾಡಿದ ಕೆಲಸದ ಮೇಲೆ ನನಗೇ ಅಸಹ್ಯ ಹುಟ್ಟಿತು.

ತಿಂಗಳು ಕಳೆಯುವುದರೊಳಗೆ ತ್ರಾಸಿಯ ಒಬ್ಬ ಹುಡುಗನಿಗೆ ಒಂದೇ ಕಿಡ್ನಿ ಎಂಬುದು ಎಲ್ಲರ ಬಾಯಿಗೆ ಬಿತ್ತು. ಬೀಗ ಹಾಕಿದ ಮೇಲೆ ಹೃಷಿಕೇಶರೇ ಷರಾಕ್ಕೆ ಸೇರಿಸಿದ್ದ ಸಂಗತಿ ಅದು. ಗೋಮತಕ್ಕನಿಗೆ ಅದನ್ನು ನೋಡುವ ದಾರಿಯೇ ಇರಲಿಲ್ಲ. ನನಗೆ ಮತ್ತೆ ಕರೆ ಬಂತು. ಗೋಮತಕ್ಕನ ಹತ್ತಿರ ತಪ್ಪಾಯಿತು ಎನ್ನುತ್ತಾರೇನೋ ಎಂದುಕೊಂಡು ಹೋದೆ. ಆರೂ ಜನ ಗೋಳಿಬಜೆ ತಿನ್ನುತ್ತಿದ್ದರು. ಗೋಮತಕ್ಕ ಮೂಲೆಯಲ್ಲಿ ಕುಳಿತು ಜಾತಕದ ಪ್ರತಿಗಳನ್ನು ಜೋಡಿಸುತ್ತಿದ್ದರು.

“ಗೋಮತಿಗೂ ಷರಾ ಕಾಂಬಂಗ್ ಮಾಡಿಕೊಡ್ ಮಾರಾಯ,” ಎಂದರು ಶಾಮರಾಯರು. “ಪಾಪ, ಅದ್ರ ಮೇಲೆ ಅನುಮಾನ ಪಟ್ಟಂಗಾಯ್ತ್.”

ನನಗೆ ಖುಷಿಯಾಯಿತು. ಆಗಲಿ ಎನ್ನುವಷ್ಟರಲ್ಲಿ ಹೃಷಿಕೇಶರು ಎಣ್ಣೆಯ ಕೈ ಒರೆಸಿಕೊಂಡು ದನಿ ತಗ್ಗಿಸಿದರು. “ಬೀಗ ಹಾಕ್ಲೇ ಇಲ್ಲೆ ಅಂಬಂಗೆ ಮಾಡುಕಾತ್ತಾ? ನಾಳೆ ಮಹಾಸಭೆ ಇತ್ತ್. ತ್ರಾಸಿಯವ್ರ್ ಕೇಂಡ್ರೆ ಯಾರದ್ದಾರೂ ಹೆಸ್ರ್ ಹೇಳ್ಕಲ್ದಾ?”

ಒಂದು ಗಳಿಗೆ ಹಿಡಿಯಿತು ಅರ್ಥವಾಗಲು. ಇವರಿಗೆ ಬೇಕಾಗಿದ್ದದ್ದು ತಪ್ಪು ಹೊರಿಸಲು ಒಂದು ತಲೆ. ಬೀಗ ಹಾಕಿ ಆ ತಲೆಯನ್ನು ತಾವೇ ಕಳೆದುಕೊಂಡಿದ್ದರು. ಥೂ, ಹಣೆಗೆ ಗಂಧ ಇಟ್ಟುಕೊಂಡು ಮಂದಿಯ ಮಕ್ಕಳ ಮದುವೆ ಕುದುರಿಸುವ ಜನ ಇವರು.

“ನನ್ನತ್ರ ಆತಿಲ್ಲೆ,” ಎಂದೆ. “ಆರೂ ಜನ ಅಡ್ಮಿನ್ ಅಲ್ದಾ, ನೀವೇ ಮಾಡ್ಕಣಿ.”

“ಮಾಡುಕೆ ಬೇರೆಯವ್ರ್ ಸಿಕ್ತ್ರ್,” ಎಂದರು ಹೃಷಿಕೇಶರು.

ಗೋಮತಕ್ಕ ಎದ್ದು ಬಂದರು. ಕಂಪ್ಯೂಟರಿನೆದುರು ಕುಳಿತು ತಮ್ಮ ಹೆಸರು, ಪಾಸ್‌ವರ್ಡ್ ಹಾಕಿ ಷರಾ ಒತ್ತಿದರು. ಇದನ್ನು ನೋಡಲು ನಿಮಗೆ ಅನುಮತಿ ಇಲ್ಲ ಎಂದು ಪರದೆಯ ಮೇಲೆ ಬಂತು. ಮೊಬೈಲು ತೆಗೆದು ಅದರ ಫೋಟೋ ಹಿಡಿದುಕೊಂಡರು. ಗೋಳಿಬಜೆ ಜಗಿಯುವುದು ನಿಂತಿತು.

“ಹಾಂಗಾರೆ ನಾಳೆಯಿಂದ ನೀನ್ ಕೆಲ್ಸಕ್ಕೆ ಬಪ್ಪುದ್ ಬ್ಯಾಡ,” ಎಂದರು ಶಾಮರಾಯರು.

“ಕೆಲ್ಸಕ್ಕೆ ಬತ್ತಿಲ್ಲೆ ರಾಯ್ರೇ,” ಎಂದು ಗೋಮತಕ್ಕ ಮೊಬೈಲನ್ನು ಚೀಲಕ್ಕೆ ಹಾಕಿಕೊಂಡರು. “ಸಭೆಗೆ ಬತ್ತೆ.”