ಕಾರಿಡಾರ್ ಮೀನಿನ ಬಾಣಂತನ

ನಿವೃತ್ತರಾಗಿ ಮಗಳ ಮನೆಗೆ ಬಂದ ದಿನವೇ ಅತ್ತೆಗೆ ಆ ಗಾಜಿನ ತೊಟ್ಟಿಯನ್ನು ಕಂಡು ಮೈ ಉರಿಯಿತು. ನಡುಮನೆಗೆ ಬೆಳಕು ಬರುವುದು ಒಂದೇ ಕಿಟಕಿಯಿಂದ. ಅದರ ಬುಡದಲ್ಲಿ ತಮ್ಮ ಕುರ್ಚಿ ಹಾಕಿಕೊಳ್ಳಬೇಕೆಂದು ಅವರು ಬಸ್ಸಿನಲ್ಲೇ ನಿರ್ಧರಿಸಿಕೊಂಡು ಬಂದಿದ್ದರು. ಇಲ್ಲಿ ನೋಡಿದರೆ ಕಬ್ಬಿಣದ ಸ್ಟ್ಯಾಂಡಿನ ಮೇಲೆ ತೊಟ್ಟಿ, ತೊಟ್ಟಿಯ ತಳದಲ್ಲಿ ಮರಳು, ಮರಳಿನಲ್ಲಿ ಮೂತಿ ಹೂತುಕೊಂಡ ಹೆಬ್ಬೆರಳುದ್ದದ ಮೀಸೆ ಮೀನುಗಳು.

"ಕೋರಿಡೋರಸ್," ಎಂದು ಅಳಿಯ ಪರಿಚಯ ಮಾಡಿಸಿದ.

"ಕಾರಿಡಾರಾ?"

"ಕೋ-ರಿ-ಡೋ-ರಸ್, ಅತ್ತೆ. ಬಹಳ ಸೂಕ್ಷ್ಮ ಜಾತಿ. ಇವನ್ನ ಮನೇಲಿ ಮರಿ ಮಾಡ್ಸೋದು ಎಲ್ಲರ ಕೈಲೂ ಆಗೋ ಕೆಲಸ ಅಲ್ಲ."

"ನಿಮ್ಮ ಕೈಲಿ ಆಗಿದೆಯಾ?"

"ಆಗುತ್ತೆ."

"ಅಂದ್ರೆ ಆಗಿಲ್ಲ," ಎಂದು ಅತ್ತೆ ಚೀಲ ಎತ್ತಿಕೊಂಡು ಒಳಗೆ ಹೋದರು. ಆವತ್ತಿನಿಂದ ಅವು ಕಾರಿಡಾರ್ ಮೀನುಗಳೇ ಆದವು.

ಅತ್ತೆ ದುಡಿದದ್ದೆಲ್ಲ ಹೆರಿಗೆ ವಾರ್ಡಿನಲ್ಲಿ. ಹೆರಿಗೆ ಎಂದರೆ ಅವರ ಪಾಲಿಗೆ ಬಿಸಿನೀರು, ಒಗೆದ ಬಟ್ಟೆ, ಮತ್ತು ಬಾಗಿಲ ಹೊರಗೆ ನಿಂತು ಕೆಲಸಕ್ಕೆ ಬಾರದ ಸಲಹೆ ಕೊಡುವ ಗಂಡಸರು. ಅಳಿಯ ವಿಮಾ ಕಂಪನಿಯ ಸರ್ವೇಯರ್. ಗುದ್ದಿಸಿಕೊಂಡ ಕಾರುಗಳ ಸುತ್ತ ಒಂದು ಸುತ್ತು ಬಂದು ತಪ್ಪು ಯಾರದೆಂದು ಹೇಳುವುದು ಅವನ ಉದ್ಯೋಗ. ಅದೇ ಗತ್ತಿನಲ್ಲಿ ಅವನು ತೊಟ್ಟಿಗೂ ಸುತ್ತು ಬರುತ್ತಿದ್ದ. ಮಿಕ್ಸಿ ಹಾಕಕೂಡದು, ಬಾಗಿಲು ದಡಾರೆಂದು ಮುಚ್ಚಕೂಡದು, ತೊಟ್ಟಿಯ ಹತ್ತಿರ ಸೀನಲೂ ಕೂಡದು. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ಸಂಜೆ ಮನೆಗೆ ಬಂದರೆ ತುದಿಗಾಲಲ್ಲಿ ನಡೆಯುವುದನ್ನು ರೂಢಿ ಮಾಡಿಕೊಂಡಿದ್ದಳು.

"ಗರ್ಭಿಣಿಗೆ ಗದ್ದಲ ಆಗಲ್ಲ ಅತ್ತೆ," ಎಂದು ಅಳಿಯ ಪಿಸುಗುಟ್ಟಿದ.

"ಯಾವುದಪ್ಪಾ ಗರ್ಭಿಣಿ?"

"ಆ ದಪ್ಪಗಿರೋದು."

"ದಪ್ಪಗಿರೋರೆಲ್ಲ ಗರ್ಭಿಣಿಯರಾದ್ರೆ ನಿಮ್ಮನ್ನೂ ಒಂದ್ಸಲ ಡಾಕ್ಟರಿಗೆ ತೋರಿಸ್ಬೇಕು."

ಮಗಳು ಅಡುಗೆಮನೆಗೆ ಓಡಿ, ಬಾಯಿಗೆ ಬಟ್ಟೆ ಒತ್ತಿಕೊಂಡು ನಕ್ಕು ಬಂದಳು.

ಎಷ್ಟು ಕಾದರೂ ಮೀನುಗಳು ಮೊಟ್ಟೆಯಿಡುವ ಲಕ್ಷಣ ಕಾಣಲಿಲ್ಲ. ಅಳಿಯ ತಾನು ಸೇರಿದ್ದ ಅಕ್ವೇರಿಯಂ ಸಂಘದ ಅಧ್ಯಕ್ಷರನ್ನು ಮನೆಗೆ ಕರೆದುಕೊಂಡು ಬಂದ. ಅಧ್ಯಕ್ಷರು ಒಂದು ಬೆರಳು ನೀರಿಗೆ ಅದ್ದಿ, ಕಣ್ಣು ಮುಚ್ಚಿ, ತುಂಬ ಹೊತ್ತು ಹಾಗೇ ನಿಂತರು. ಟೀ ತಂದ ಅತ್ತೆ ಕೇಳಿದರು, "ನಾಡಿ ಹೇಗಿದೆ?"

"ಪರವಾಗಿಲ್ಲ," ಎಂದರು ಅಧ್ಯಕ್ಷರು ಕಣ್ಣು ಬಿಡದೆ. "ಆದ್ರೆ ಬೆಚ್ಚಗಿನ ನೀರು ಸಾಲ್ದು. ಇನ್ನೂ ಬಿಸಿ ಮಾಡಿ. ತಾಯಿಗೆ ಬೆಚ್ಚಗಿರಬೇಕು."

ಅಳಿಯ ಹೀಟರ್ ಏರಿಸಿದ. ಮೀನುಗಳು ಆಗಾಗ ಮೇಲಕ್ಕೆ ನುಗ್ಗಿ ಒಂದು ಗುಟುಕು ಗಾಳಿ ನುಂಗಿ ಮತ್ತೆ ಕೆಳಗಿಳಿಯುತ್ತಿದ್ದವು. ಅಷ್ಟು ಬಿಟ್ಟರೆ ಬೇರೇನೂ ನಡೆಯಲಿಲ್ಲ. ಅಳಿಯ ಮಾತ್ರ ಬಂದವರಿಗೆಲ್ಲ "ತಯಾರಿ ನಡೀತಾ ಇದೆ" ಎನ್ನುತ್ತಿದ್ದ. ತಯಾರಿ ಮೀನಿನದೋ ನಿಮ್ಮದೋ ಎಂದು ಅತ್ತೆ ಕೇಳುತ್ತಿದ್ದರು.

ಹೀಗಿರುವಾಗ ಹೆದ್ದಾರಿಯಲ್ಲಿ ಮಗುಚಿದ ಲಾರಿಯೊಂದನ್ನು ನೋಡಲು ಅಳಿಯ ಪರಊರಿಗೆ ಹೋದ. ಅತ್ತೆಗೆ ಬಟ್ಟೆ ಇಸ್ತ್ರಿ ಮಾಡಬೇಕಿತ್ತು. ನಡುಮನೆಯ ಒಂದೇ ಪ್ಲಗ್ಗಿನಲ್ಲಿ ಹೀಟರ್ ಸಿಕ್ಕಿಸಿತ್ತು. ಅದನ್ನು ಕಿತ್ತು ಇಸ್ತ್ರಿಪೆಟ್ಟಿಗೆ ಸಿಕ್ಕಿಸಿದರು. ಬಟ್ಟೆ ಮಡಚಿಡುವ ಹೊತ್ತಿಗೆ ಹೀಟರಿನ ನೆನಪೇ ಹಾರಿಹೋಗಿತ್ತು. ತೊಟ್ಟಿಯ ನೀರು ಹಳದಿಗಟ್ಟಿದ್ದು ಮಾತ್ರ ಕಣ್ಣಿಗೆ ಬಿತ್ತು.

"ಇದೇನು ಗಲೀಜು! ನಮ್ಮ ವಾರ್ಡ್ ಹೀಗಿದ್ದಿದ್ರೆ ಮೇಟ್ರನ್ ಚರ್ಮ ಸುಲೀತಿದ್ರು," ಎಂದು ಗೊಣಗುತ್ತಾ ಚೊಂಬಿನಲ್ಲಿ ಅರ್ಧ ನೀರು ಮೊಗೆದು ಚೆಲ್ಲಿದರು. ಬಾಲ್ಕನಿಯ ಡ್ರಮ್ಮಿನಲ್ಲಿ ತಣ್ಣಗೆ ಕೊರೆಯುತ್ತಿದ್ದ ನೀರನ್ನು ತಂದು ಸುರಿದರು. ಮಗಳು ನೋಡಿ ಹೌಹಾರಿದಳು.

"ಅಮ್ಮಾ, ಅವರು ಬಂದ್ರೆ ಮನೆ ತಲೆಕೆಳಗು ಮಾಡ್ತಾರೆ."

"ಮಾಡ್ಲಿ. ಎತ್ತಿ ನಿಲ್ಸೋಕೆ ನಾನಿದ್ದೀನಿ."

ಮರುದಿನ ಬೆಳಿಗ್ಗೆ ಗಾಜಿನ ಮೇಲೆ ಸಾಬಕ್ಕಿ ಕಾಳಿನಂಥ ಚುಕ್ಕಿಗಳು ಅಂಟಿದ್ದವು. ಒಳಗಡೆಯ ಕೊಳೆಯೆಂದು ಅತ್ತೆ ಬಟ್ಟೆ ಹಿಡಿದು ಬಂದರು. ಅಷ್ಟರಲ್ಲಿ ದಪ್ಪ ಮೀನು ಹೊಟ್ಟೆಯಡಿಯ ರೆಕ್ಕೆಗಳನ್ನು ಜೋಳಿಗೆಯಂತೆ ಮಡಚಿಕೊಂಡು ಮೇಲೆ ಬಂತು. ಮೂತಿಯಿಂದ ಗಾಜನ್ನು ತಡವಿ, ಜಾಗ ನೋಡಿ, ಹೊಟ್ಟೆಯನ್ನು ಒತ್ತಿ ಹಿಡಿಯಿತು. ಅದು ಸರಿದಾಗ ಹೊಸದೊಂದು ಕಾಳು ಅಲ್ಲಿತ್ತು. ಸಣ್ಣ ಗಂಡುಗಳು ಹಿಂದೆ ಮುಂದೆ ಓಡಾಡುತ್ತಿದ್ದವು.

"ಇಲ್ಲೂ ಗಂಡಸರು ಬರೀ ಓಡಾಟವೇ," ಎಂದರು ಅತ್ತೆ. ಆದರೆ ಬಟ್ಟೆ ಕೈಯಲ್ಲೇ ಉಳಿಯಿತು. ತಿಂಡಿ ತಿನ್ನದೆ ಅಲ್ಲೇ ಕುಳಿತರು. ಬಾಣಂತಿಯ ಶ್ರದ್ಧೆ ಅವರಿಗೆ ಹಿಡಿಸಿತ್ತು. ಮಧ್ಯಾಹ್ನ ಅದೇ ಬಾಣಂತಿ ತಿರುಗಿ ಬಂದು ತಾನು ಅಂಟಿಸಿದ್ದ ಮೊಟ್ಟೆಯನ್ನೇ ಗುಳುಂ ಮಾಡಿತು.

"ಥೂ, ನಾಚಿಕೆಗೆಟ್ಟೋಳೇ!"

ಅತ್ತೆ ತೋಳು ಮೇಲೇರಿಸಿ, ಬಳಸದ ಬ್ಯಾಂಕ್ ಕಾರ್ಡೊಂದರಿಂದ ಮೊಟ್ಟೆಗಳನ್ನು ಮೆಲ್ಲಗೆ ಕೆರೆದು, ಅದೇ ತೊಟ್ಟಿಯ ನೀರು ತುಂಬಿದ ಗಾಜಿನ ಬೋಗುಣಿಗೆ ಇಳಿಸಿದರು.

ಅಳಿಯ ಬಂದವನೇ ಹೀಟರಿನ ಕಿತ್ತ ವಯರು ಕಂಡು, "ಯಾರು ಮುಟ್ಟಿದ್ದು?" ಎಂದು ಕೂಗಿದ. "ನಾನೇ. ತಣ್ಣೀರೂ ಸುರಿದೆ," ಎಂದು ಅತ್ತೆ ಬೋಗುಣಿ ತೋರಿಸಿದರು. ಅವನು ಬಗ್ಗಿ ನೋಡಿದ, ಮೆಲ್ಲಗೆ ನೆಲದ ಮೇಲೆ ಕುಳಿತುಬಿಟ್ಟ. ಆಮೇಲೆ ಅಧ್ಯಕ್ಷರಿಗೆ ಫೋನ್ ಮಾಡಿದ.

"ಸಾರ್, ನಮ್ಮ ಬಿಸಿನೀರಿನ ವಿಧಾನ ಕೈಗೂಡ್ತು!"

ಅತ್ತೆ ಬಾಯಿ ತೆರೆದರು. ಮಗಳು ದೂರದಿಂದಲೇ ಕೈ ಮುಗಿದಳು. ಅತ್ತೆ ಬಾಯಿ ಮುಚ್ಚಿಕೊಂಡರು. ಇದು ಅವರ ಬದುಕಿನಲ್ಲೇ ಅಪರೂಪದ ಘಟನೆ. ಅದರ ಸೇಡನ್ನು ಊಟದ ಹೊತ್ತಿನಲ್ಲಿ ಪಾತ್ರೆಗಳ ಮೇಲೆ ತೀರಿಸಿಕೊಂಡರು.

ಮೊಟ್ಟೆಗಳು ಒಂದೊಂದಾಗಿ ಬೂಸ್ಟು ಹಿಡಿದು ಬೆಳ್ಳಗಾಗತೊಡಗಿದವು. ಈಗ ಅಳಿಯ ಕೈ ಚೆಲ್ಲಿ ಕೂರುತ್ತಾನೆಂದು ಅತ್ತೆ ಎಣಿಸಿದ್ದರು. ಹಾಗಾಗಲಿಲ್ಲ. ಕೆಲಸಕ್ಕೆ ಹೋಗುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ, ಅವನು ಡ್ರಾಪರ್ ಹಿಡಿದು ಕೆಟ್ಟದ್ದನ್ನು ಮಾತ್ರ ಹೆಕ್ಕುತ್ತಿದ್ದ. ಪಕ್ಕದ ಒಳ್ಳೆಯದಕ್ಕೆ ತಾಗಿಸುತ್ತಿರಲಿಲ್ಲ. ಅತ್ತೆ ಬೆನ್ನ ಹಿಂದೆ ನಿಂತು ತಪ್ಪು ಹುಡುಕಿದರು. ಸಿಗಲಿಲ್ಲ. ಅದಕ್ಕೂ ಸಿಟ್ಟು ಬಂತು.

"ಕೈ ನಡುಗಲ್ಲ ನಿಮಗೆ," ಎಂದರು, ಬೈದ ಹಾಗೆ.

ಕೊನೆಗೆ ಉಳಿದ ಮೊಟ್ಟೆಗಳು ಒಡೆದವು. ಎರಡು ಕಣ್ಣಿರುವ ದಾರದ ತುಣುಕುಗಳು ಬೋಗುಣಿಯ ತಳದಲ್ಲಿ ಒದ್ದಾಡಿದವು. ಅಳಿಯ ಒಂದು ಮಾತೂ ಆಡಲಿಲ್ಲ. ಹುಷಾರಿಲ್ಲವೇ ಎಂದು ಅತ್ತೆ ಅವನ ಹಣೆ ಮುಟ್ಟಿ ನೋಡಿದರು.

ಮರಿಗಳಿಗೆ ಪುಟ್ಟ ಮೀಸೆ ಮೂಡಿದ ಮೇಲೆ ಅಧ್ಯಕ್ಷರು ಮುಚ್ಚಳದ ಡಬ್ಬಿ ಹಿಡಿದು ಬಂದರು. ಸಂಘದ ಪ್ರದರ್ಶನವಿತ್ತು. "ಎಲ್ಲ ಮರಿಗಳನ್ನೂ ಕೊಡಿ. 'ಅಧ್ಯಕ್ಷರ ಬಿಸಿನೀರಿನ ವಿಧಾನ' ಅಂತ ದೊಡ್ಡ ಬೋರ್ಡ್ ಹಾಕಿಸ್ತೀನಿ," ಎಂದರು.

ಅಳಿಯ ಅಡ್ಡ ನಿಂತ. "ಕೊಡಲ್ಲ ಸಾರ್. ಇನ್ನೂ ಎಳಸು. ಸತ್ತು ಹೋಗ್ತವೆ."

"ಏನ್ರೀ ಇದು? ವಿಧಾನ ಹೇಳಿಕೊಟ್ಟಿದ್ದು ಯಾರು?"

ಅಳಿಯ ಒಮ್ಮೆ ಅತ್ತೆಯ ಕಡೆ ನೋಡಿದ. "ನೀವು ಹೇಳಿದ್ದು ಬಿಸಿನೀರು. ಮೊಟ್ಟೆ ಇಟ್ಟಿದ್ದು ತಣ್ಣೀರಲ್ಲಿ. ಆ ತಣ್ಣೀರು ಹಾಕಿದ್ದು ನಮ್ಮತ್ತೆ. ಮೊಟ್ಟೆ ಉಳಿಸಿದ್ದೂ ಅವರೇ. ನಾನು ಫೋನಲ್ಲಿ ಸುಳ್ಳು ಹೇಳಿದ್ದೆ."

ಅಧ್ಯಕ್ಷರು ಟೀ ಮುಟ್ಟದೆ, ಖಾಲಿ ಡಬ್ಬಿ ಕಂಕುಳಲ್ಲಿ ಇಟ್ಟುಕೊಂಡು ಹೊರಟುಹೋದರು. ಮಗಳು ಗಂಡನನ್ನು ಹೊಸದಾಗಿ ನೋಡುವವಳ ಹಾಗೆ ನೋಡಿದಳು. ಅತ್ತೆ ಅಧ್ಯಕ್ಷರ ಟೀಯನ್ನು ಅಳಿಯನ ಕೈಗೆ ಕೊಟ್ಟರು.

ಆದರೆ ಅಳಿಯ ಎಷ್ಟಾದರೂ ಅಳಿಯನೇ. ಮುಂದಿನ ತಿಂಗಳು ತಾನೇ ಬೇರೊಂದು ಸಂಘ ಕಟ್ಟಿ, ತನ್ನನ್ನೇ ಅಧ್ಯಕ್ಷನೆಂದು ಘೋಷಿಸಿಕೊಂಡ. ಸದಸ್ಯರಾಗಿ ಎಂದು ಮೊದಲು ಕೇಳಿದ್ದು ಅತ್ತೆಯನ್ನೇ.

"ಮೀನುಗಳನ್ನೇ ಸೇರಿಸ್ಕೊಳ್ಳಿ ಅಳಿಯಂದಿರೇ," ಎಂದರು ಅತ್ತೆ. "ನಿಮ್ಮ ಭಾಷಣದ ಮಧ್ಯೆ ಎದ್ದು ಹೋಗೋಕೆ ಅವಕ್ಕೆ ಕಾಲಿಲ್ಲ."