ಬಾಳೆಕಂದಿನ ತಂತಿ

ಬ್ರೇಕ್ ಆಯಿಲ್ ಹನಿಹನಿಯಾಗಿ ಗೇಟಿನ ಮುಂದೆ ಬೀಳುತ್ತಿದೆ, ಬೆಳಿಗ್ಗೆ ಹೆಂಡತಿ ನಾಗಲಕ್ಷ್ಮಮ್ಮ ಹಾಕಿದ ರಂಗೋಲಿಯ ಅಂಚು ಕಲೆಸಿಹೋಗುತ್ತಿದೆ, ಹಳೇ ಬಟ್ಟೆ ಹಾಸಬೇಕಿತ್ತು, ಬೈತಾಳೆ, ಬೈಯಲಿ, ಯಾರಾದರೂ ಬೈದರೆ ಸಾಕು ಅನ್ನಿಸುತ್ತಿದೆ ಹನುಮಯ್ಯನಿಗೆ, ಮಗಳ ಸ್ಕೂಟರಿನ ಮುಂದಿನ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತವನ ಕೈಯಲ್ಲಿ ಬಿಚ್ಚಿದ ಬ್ರೇಕಿನ ಹೋಸು, ಸತ್ತ ಕೇರೆಹಾವಿನ ಹಾಗೆ ಜೋತುಬಿದ್ದಿದೆ, ನಡುವೆ ಒಂದು ಸೀಳು, ಸೀಳು ಇದ್ದ ಕಡೆಗೇ ಮೂತಿ ಮಾಡಿಕೊಂಡು ಚಕ್ರ ಹಿಡಿದ ಫೋರ್ಕಿನಲ್ಲಿ ತಂತಿಯ ತುದಿ — ಹೋಸು ಹಳೆಯದು, ಗಾಡಿ ಅದಕ್ಕಿಂತ ಹಳೆಯದು, ಸವೆದಿತ್ತು, ನಿಜ, ಆದರೆ ಸವೆದದ್ದು ಹೀಗೆ ಒಂದೇ ಕಡೆ ಕೊರೆದ ಹಾಗೆ ಹರಿಯುವುದಿಲ್ಲ. ಆಯುಧಪೂಜೆಗೆ ಗಾಡಿಗೆ ಬಾಳೆಕಂದು ಕಟ್ಟಿದ್ದು ಅವನೇ. ದಾರ ಸಾಕಪ್ಪ ಅಂದಿದ್ದಳು ಮಗಳು ಮೈತ್ರಿ, ದಾರ ಮಡಿವಾಳ ಮುಟ್ಟೋ ಮುಂಚೇನೇ ಬಿಚ್ಕೊಳತ್ತೆ, ನಿಂಗೇನ್ ಗೊತ್ತು, ಅಂದು ಇವನು ತಂತಿಯನ್ನೇ ಇಕ್ಕಳದಲ್ಲಿ ತಿರುಚಿ ತಿರುಚಿ ಬಿಗಿದಿದ್ದ, ಪಕ್ಕದ ಮನೆ ಕೊಟ್ರಪ್ಪ ನೋಡಿ, ಏನ್ ಹನುಮಯ್ಯ, ಮದ್ವೆ ಚಪ್ರ ಕಟ್ಟಿದಂಗ್ ಕಟ್ಟಿದೀರಲ್ಲ ಅಂದಾಗ ಎಷ್ಟು ಉಬ್ಬಿಹೋಗಿದ್ದ. ಎಲೆ ಒಣಗಿ ತರಗಾದ ಮೇಲೆ ಅವಳು ಕತ್ತರಿ ಹಿಡಿದು ಬಂದಿದ್ದಳು, ಆಫೀಸಲ್ಲಿ ಎಲ್ರೂ ರೇಗಿಸ್ತಾರಪ್ಪ, ಬಿಚ್ಚಾಕ್ಲಾ — ಪೂಜೆಗೆ ಕಟ್ಟಿದ್ದನ್ನ ಕೈಯಾರೆ ಕಿತ್ತಾಕ್ತಾರೇನೇ, ಅದಾಗದೇ ಉದುರ್ಲಿ. ಎಲೆ ಉದುರಿತು, ದಿಂಡೂ ಉದುರಿತು, ತಂತಿ ಯಾಕೆ ಉದುರುತ್ತೆ, ರಸ್ತೆಯ ಪ್ರತಿ ಹಂಪಿಗೂ ಪ್ರತಿ ಗುಂಡಿಗೂ ಫೋರ್ಕು ಕುಗ್ಗಿ ಎದ್ದಾಗೆಲ್ಲ ಅದು ಹೋಸಿನ ಮೈ ಕೆರೆದಿದೆ, ಮಡಿವಾಳ ಮಾರ್ಕೆಟ್ಟಿನ ತಿರುವಿನಲ್ಲಿ ತರಕಾರಿ ಆಟೋ ಅಡ್ಡ ಬಂದು ಅವಳು ಬ್ರೇಕ್ ಒತ್ತಿದ ಹೊತ್ತಿಗೆ ಸರಿಯಾಗಿ ಸೀಳಿದೆ.

ಬ್ರೇಕ್ ಹಿಡೀಲಿಲ್ಲಪ್ಪ, ಅಂದಿದ್ದಳು ಆಸ್ಪತ್ರೆಯ ಮಂಚದಲ್ಲಿ, ಬಲಗೈ ಬಾತುಕೊಂಡು ಬಣ್ಣವೇ ಬೇರೆಯಾಗಿತ್ತು, ಅವನು ಕೊಟ್ರಪ್ಪನ ಮುಂದೆ, ನರ್ಸಿನ ಮುಂದೆ, ಪಕ್ಕದ ಮಂಚದವರ ಮುಂದೆ, ಬ್ರೇಕ್ ಹಿಡಿಯತ್ತೆ ಕಣಮ್ಮ, ಹಿಡಿಯೋರ್ಗೆ ಬುದ್ಧಿ ಇರ್ಬೇಕು — ಯಾರೋ ನಕ್ಕರು, ಅವನಿಗೂ ಒಂದು ಗಳಿಗೆ ಹಿತವಾಯಿತು, ಅವಳು ಗೋಡೆಯ ಕಡೆ ತಿರುಗಿಕೊಂಡಳು. ಆಮೇಲಿಂದ ಆಫೀಸಿಗೆ ಬಸ್ಸಿನಲ್ಲೇ ಹೋಗುತ್ತಾಳೆ. ನಿನ್ನೆ ಫೋನಿನಲ್ಲಿ ಗೆಳತಿಗೆ ಹೇಳುತ್ತಿದ್ದಳು, ಇಲ್ಲ ಕಣೇ, ನಂಗೆ ಓಡ್ಸಕ್ ಬರಲ್ಲ, ನಂದೇ ತಪ್ಪು, ಯಾವತ್ತೂ ಹಾಗೆ ಮಾತಾಡಿದವಳಲ್ಲ. ಮೊದಲು ತಂತಿ ಕತ್ತರಿಸಿ ಜೇಬಿಗೆ ಹಾಕಿಕೊಂಡ, ಕೊಟ್ರಪ್ಪ ಗೇಟಿನ ಆಚೆ ಇಲ್ಲ ಅಂತ ನೋಡಿಕೊಂಡು, ಕಳ್ಳನ ಹಾಗೆ, ತನ್ನ ಮನೆ ಬಾಗಿಲಲ್ಲೇ. ಹೊಸ ಹೋಸು ಕೂರಿಸಿದ್ದಾಯಿತು, ಆಯಿಲ್ ಸುರಿದದ್ದಾಯಿತು, ಇನ್ನು ಒಳಗಿನ ಗಾಳಿ ತೆಗೆಯಬೇಕು, ಅದು ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ, ಮೇಲೊಬ್ಬರು ಬ್ರೇಕ್ ಒತ್ತಿ ಹಿಡಿಯಬೇಕು, ಕೆಳಗೊಬ್ಬರು ಸ್ಪ್ಯಾನರ್ ತಿರುಗಿಸಬೇಕು, ಕರೆಯದೆ ವಿಧಿಯಿಲ್ಲ, ಕರೆದ. ಬಂದು ನಿಂತಿದ್ದಾಳೆ, ಬಲಗೈಗೆ ಪಟ್ಟಿ, ಎಡಗೈಯನ್ನೇ ಈಚೆಗೆ ಚಾಚಿ ಬ್ರೇಕ್ ಹಿಡಿದಿದ್ದಾಳೆ. ಒತ್ತು, ನಾನ್ ಹೇಳೋವರ್ಗೂ ಬಿಡ್ಬೇಡ, ಬಿಟ್ರೆ ಮತ್ತೆ ಗಾಳಿ ಸೇರ್ಕೊಳತ್ತೆ. ಒತ್ತಿದಳು. ಅವತ್ತೂ ಹೀಗೇ ಒತ್ತಿರಬೇಕು ಬಲಗೈಯ ಬೆರಳು, ಪೂರ್ತಿ, ಒಳಗೆ ಏನೂ ಇಲ್ಲದ ಬ್ರೇಕನ್ನು ಹಿಡಿಕೆ ಮುಟ್ಟುವವರೆಗೂ ಒತ್ತಿ, ಇನ್ನೂ ಒತ್ತಿ — ಸ್ಪ್ಯಾನರ್ ತಿರುಗಿಸಿದ, ಗುಳ್ಳೆಗುಳ್ಳೆಯಾಗಿ ಆಯಿಲ್ ಬಂತು, ಮುಚ್ಚಿದ. ಅಪ್ಪ, ಅಂದಳು ಮೇಲಿನಿಂದ, ರೆಡಿ ಆದ್ಮೇಲೆ ಗಾಡಿ ನೀನೇ ಇಟ್ಕೋ, ನಂಗೆ ಬೇಡ, ಬುದ್ಧಿ ಇರೋರ್ ಓಡ್ಸ್ಬೇಕು ಅಂದ್ಯಲ್ಲ, ಸರಿಯಾಗೇ ಅಂದೆ. ಅಣಕವಲ್ಲ, ಅಣಕವಾಗಿದ್ದರೆ ಚೆನ್ನಾಗಿತ್ತು. ಬಿಡು ಅನ್ನಬೇಕು ಈಗ, ಅಷ್ಟೇ, ಆದರೆ ಬಾಯಿ ತೆರೆದರೆ ಬಿಡು ಅನ್ನುವುದಕ್ಕಿಂತ ಮುಂಚೆ ಹೇಳಬೇಕಾದ್ದು ಇನ್ನೊಂದಿದೆ, ಜೇಬಿನಲ್ಲಿರುವ ತಂತಿಯ ಮಾತು, ಮುಚ್ಚಿದ ನಟ್ಟನ್ನೇ ಇನ್ನೊಮ್ಮೆ ಬಿಗಿಯುತ್ತಾನೆ, ತಲೆಯೆತ್ತುತ್ತಾನೆ, ಅವನು ಹೇಳಿಲ್ಲವೆಂದು ಅವಳು ಬಿಟ್ಟಿಲ್ಲ, ಎಡಗೈಯ ಬೆರಳು, ಒತ್ತಿ ಒತ್ತಿ ಉಗುರೆಲ್ಲ ಬಿಳಿಚಿಕೊಂಡ ಬೆರಳು, ಇನ್ನೂ ಬ್ರೇಕಿನ ಮೇಲೇ ಇದೆ.